ಹೊಂದದ ಪ್ರೊಸೆಸರಿನ ಮೇಲೆ ಪರೀಕ್ಷೆ: ಒಂದು ಸಣ್ಣ ಚರಿತ್ರೆ

'ಪಾಪ್ಯುಲರ್ ಇಲೆಕ್ಟ್ರಾನಿಕ್ಸ್' ಎಂಬ ಅಮೆರಿಕದ ಪತ್ರಿಕೆಯ 1975ರ ಜನವರಿ ಸಂಚಿಕೆಯ ಮುಖಪುಟದಲ್ಲಿ ಒಂದು ಪೆಟ್ಟಿಗೆಯ ಚಿತ್ರವಿತ್ತು. ಹೆಸರು ಆಲ್ಟೇರ್ 8800. ಅದರೊಳಗೆ ಇಂಟೆಲ್ ಕಂಪನಿಯ 8080 ಎಂಬ ಪ್ರೊಸೆಸರು. ಚಿತ್ರ ನೋಡಿದ ಪಾಲ್ ಆಲನ್, ಹಾರ್ವರ್ಡಿನಲ್ಲಿ ಓದುತ್ತಿದ್ದ ಗೆಳೆಯ ಬಿಲ್ ಗೇಟ್ಸ್ ಹತ್ತಿರ ಓಡಿದ. ಇಬ್ಬರೂ ಸೇರಿ ಆಲ್ಟೇರ್ ತಯಾರಿಸಿದ ಆಲ್ಬುಕರ್ಕಿಯ ಎಂಐಟಿಎಸ್ ಕಂಪನಿಗೆ, ನಿಮ್ಮ ಯಂತ್ರಕ್ಕೆ ಬೇಸಿಕ್ ಭಾಷೆ ನಮ್ಮಲ್ಲಿದೆ ಎಂದು ತಿಳಿಸಿದರು. ಇವರಲ್ಲಿ ಬೇಸಿಕ್ ಇರಲಿಲ್ಲ. ಆಲ್ಟೇರ್ ಕೂಡ ಇರಲಿಲ್ಲ. 8080 ಚಿಪ್ಪೂ ಇರಲಿಲ್ಲ! ಇದ್ದದ್ದು ಹಾರ್ವರ್ಡಿನ ಪಿಡಿಪಿ-10 ಎಂಬ ದೊಡ್ಡ ಕಂಪ್ಯೂಟರು ಮತ್ತು 8080ರ ಕೈಪಿಡಿ.

ಆಲನ್ ಕೈಪಿಡಿಯನ್ನು ಮುಂದಿಟ್ಟುಕೊಂಡು ಪಿಡಿಪಿ-10ರಲ್ಲಿ ಒಂದು ಪ್ರೋಗ್ರಾಂ ಬರೆದ. 8080ಕ್ಕೆ ಕೊಡಬೇಕಾದ ಆದೇಶಗಳನ್ನು ಆ ಪ್ರೋಗ್ರಾಂಗೆ ಕೊಟ್ಟರೆ, 8080 ಏನು ಮಾಡುತ್ತಿತ್ತೋ ಅದನ್ನೇ ಅದು ಮಾಡಿ ತೋರಿಸುತ್ತಿತ್ತು. ಈ ವಿದ್ಯೆ ಅವನಿಗೆ ಹೊಸತಲ್ಲ. ರಸ್ತೆಯಲ್ಲಿ ಹೋಗುವ ವಾಹನ ಲೆಕ್ಕ ಹಾಕುವ 'ಟ್ರಾಫ್-ಓ-ಡಾಟಾ' ಎಂಬ ಯಂತ್ರಕ್ಕಾಗಿ 8080ರ ಅಣ್ಣನಾದ 8008ನ್ನು ಹಿಂದೆಯೇ ಹೀಗೆ ಅನುಕರಿಸಿದ್ದ. ಬಿಲ್ ಗೇಟ್ಸ್ ಬೇಸಿಕ್ ಬರೆದ, ದಶಮಾಂಶ ಲೆಕ್ಕದ ಭಾಗವನ್ನು ಮಾಂಟೆ ಡೇವಿಡಾಫ್ ಬರೆದ. ಬರೆದದ್ದನ್ನೆಲ್ಲ ಆ ಅನುಕರಣೆಯ ಮೇಲೆಯೇ ಓಡಿಸಿ, ತಪ್ಪು ಹುಡುಕಿ, ತಿದ್ದಿದರು. ಕೊನೆಗೆ ಆಲನ್ ಕಾಗದದ ಟೇಪು ಹಿಡಿದುಕೊಂಡು ಆಲ್ಬುಕರ್ಕಿಗೆ ವಿಮಾನ ಹತ್ತಿದ. ಟೇಪನ್ನು ಯಂತ್ರದೊಳಗೆ ಓದಿಸಿಕೊಳ್ಳುವ ಸಣ್ಣ ಪ್ರೋಗ್ರಾಂ ಬರೆಯಲು ಮರೆತದ್ದು ವಿಮಾನದಲ್ಲಿ ನೆನಪಾಗಿ ಅಲ್ಲೇ ಕುಳಿತು ಬರೆದ. ಅಲ್ಲಿ ನಿಜವಾದ ಆಲ್ಟೇರಿನ ಮೇಲೆ ಎರಡಕ್ಕೆ ಎರಡು ಕೂಡಿಸು ಎಂದಾಗ ನಾಲ್ಕು ಎಂದು ಉತ್ತರ ಬಂತು.

ಇದನ್ನು ಮೈಕ್ರೋಸಾಫ್ಟ್ ಹುಟ್ಟಿದ ಕಥೆಯೆಂದು ಎಲ್ಲರೂ ಹೇಳುತ್ತಾರೆ. ಮೇಷ್ಟ್ರಾದ ನನಗೆ ಇದು ಪರೀಕ್ಷೆಯ ಕಥೆಯಾಗಿ ಕಾಣುತ್ತದೆ. ಕೈಪಿಡಿಯ ಒಂದು ಸಾಲನ್ನು ಆಲನ್ ತಪ್ಪಾಗಿ ಓದಿದ್ದರೆ ಅನುಕರಣೆಯೂ ತಪ್ಪು, ಅದರ ಮೇಲೆ ಪಾಸಾದ ಬೇಸಿಕ್ಕೂ ತಪ್ಪು, ಎರಡೂ ತಪ್ಪುಗಳು ಪರಸ್ಪರ ಹೊಂದಿಕೊಂಡು ಹಾರ್ವರ್ಡಿನಲ್ಲಿ ಎಲ್ಲವೂ ಸರಿಯೆಂದೇ ತೋರುತ್ತಿತ್ತು. ತಂತ್ರಾಂಶ ಒಂದು ಜಾತಿಯ ಪ್ರೊಸೆಸರಿಗೆ, ಪರೀಕ್ಷಿಸುವವನ ಕೈಯಲ್ಲಿರುವುದು ಇನ್ನೊಂದು ಜಾತಿಯದು. ಈ ಸಂಕಟ ಇವತ್ತಿನ ಹೊಸ ಲ್ಯಾಪ್‌ಟಾಪುಗಳೊಂದಿಗೆ ಹುಟ್ಟಿದ್ದು ಎಂದು ನಮ್ಮ ಹುಡುಗರು ತಿಳಿದಿದ್ದಾರೆ. ಅದಕ್ಕೆ ಐವತ್ತು ವರ್ಷಕ್ಕೂ ಮಿಕ್ಕಿದ ಚರಿತ್ರೆ ಉಂಟು.

ಮೊದಲು ಸ್ವಲ್ಪ ವಿವರಣೆ. ಪ್ರತಿಯೊಂದು ಜಾತಿಯ ಪ್ರೊಸೆಸರಿಗೂ ತನ್ನದೇ ಭಾಷೆ. ಇಂಟೆಲ್ ಮತ್ತು ಎಎಂಡಿಯವರದು ಒಂದು ಭಾಷೆ, ಅದಕ್ಕೆ ಎಕ್ಸ್86 ಎನ್ನುತ್ತಾರೆ. ಮೊಬೈಲುಗಳಲ್ಲಿರುವ ಆರ್ಮ್ ಇನ್ನೊಂದು. ಪವರ್‌ಪಿಸಿ, ಸ್ಪಾರ್ಕ್, ಮಿಪ್ಸ್, ಆಲ್ಫಾ, ಈಚಿನ ರಿಸ್ಕ್-ಫೈವ್ ಎಲ್ಲ ಬೇರೆ ಬೇರೆ. ಒಂದಕ್ಕೆಂದು ಕಂಪೈಲ್ ಮಾಡಿದ ಪ್ರೋಗ್ರಾಂ ಇನ್ನೊಂದಕ್ಕೆ ಅರ್ಥವಾಗುವುದಿಲ್ಲ. ಆಗ ದಾರಿ ಎರಡೇ. ಮೂಲ ಪಠ್ಯ ಕೈಯಲ್ಲಿದ್ದರೆ ಹೊಸ ಭಾಷೆಗೆ ಮತ್ತೆ ಕಂಪೈಲ್ ಮಾಡುವುದು. ಇಲ್ಲವಾದರೆ ನಡುವೆ ಒಬ್ಬ ದುಭಾಷಿಯನ್ನು ಕೂರಿಸುವುದು.

ಗಡಿನಾಡಿನ ನಮಗೆ ದುಭಾಷಿಯ ವಿಷಯ ಯಾರೂ ಹೇಳಿಕೊಡಬೇಕಾಗಿಲ್ಲ. ಕಾಸರಗೋಡಿನ ಕನ್ನಡ ಮಾಧ್ಯಮದ ಮಗು ಮಲಯಾಳದಲ್ಲಿ ತಯಾರಾಗಿ ಕನ್ನಡಕ್ಕೆ ತಿರುಗಿಸಿದ ಪ್ರಶ್ನೆಪತ್ರಿಕೆ ಓದುತ್ತದೆ. ಮಗು ಉತ್ತರ ತಪ್ಪಿದರೆ ಅದು ಮಗುವಿನ ತಪ್ಪೋ, ಪ್ರಶ್ನೆ ತಿರುಗಿಸಿದವರ ತಪ್ಪೋ ಎಂದು ಎಷ್ಟು ಸಲ ನಾವು ಸ್ಟಾಫ್ ರೂಮಿನಲ್ಲಿ ತಲೆ ಕೆಡಿಸಿಕೊಂಡಿಲ್ಲ! ಇನ್ನೂ ಅಪಾಯ ಇದರ ಉಲ್ಟಾ. ದುಭಾಷಿ ಒಳ್ಳೆಯವನಾಗಿ ಮಗುವಿನ ತಪ್ಪನ್ನು ತಾನೇ ತಿದ್ದಿ ಹೇಳಿಬಿಟ್ಟರೆ? ಮಗು ಪಾಸು, ಪರೀಕ್ಷೆ ವ್ಯರ್ಥ. ಮುಂದೆ ಹೇಳುವ ಕಥೆಗಳಲ್ಲಿ ಈ ಎರಡೂ ನಡೆಯುತ್ತವೆ.

ದುಭಾಷಿಗೆ ಕಂಪ್ಯೂಟರ್ ಲೋಕದಲ್ಲಿ 'ಎಮ್ಯುಲೇಟರ್' ಎಂಬ ಹೆಸರು ಬಂದದ್ದು 1960ರ ದಶಕದಲ್ಲಿ, ಐಬಿಎಂ ಕಂಪನಿಯಲ್ಲಿ. 1964ರ ಏಪ್ರಿಲ್ 7ರಂದು ಐಬಿಎಂ ತನ್ನ ಸಿಸ್ಟಂ/360 ಎಂಬ ಹೊಸ ಯಂತ್ರಕುಟುಂಬವನ್ನು ಪ್ರಕಟಿಸಿತು. ಆದರೆ 1959ರಲ್ಲಿ ಬಂದ ಅದೇ ಕಂಪನಿಯ 1401 ಸಾವಿರಾರು ಕಚೇರಿಗಳಲ್ಲಿ ಸಂಬಳದ ಪಟ್ಟಿ ಮಾಡುತ್ತಾ ಕುಳಿತಿತ್ತು. ಹೊಸದು ಕೊಂಡರೆ ಹಳೆಯ ಪ್ರೋಗ್ರಾಮುಗಳ ಗತಿಯೇನು ಎಂದು ಗಿರಾಕಿಗಳು ಕೇಳದೆ ಬಿಡುತ್ತಾರೆಯೇ? ಹಾಗಾಗಿ 360ರ ಸಣ್ಣ ಮಾದರಿಗಳ ಒಳಗಿನ ಮೈಕ್ರೋಕೋಡಿನಲ್ಲೇ 1401ರ ವೇಷ ಇಟ್ಟರು. ನಮ್ಮ ಆಟದ ಮೇಳದ ಭಾಷೆಯಲ್ಲಿ ಹೇಳುವುದಾದರೆ, ಒಬ್ಬನೇ ಕಲಾವಿದ ಮುಂಜಾನೆಯ ತನಕ ಎರಡು ವೇಷ ನಿಭಾಯಿಸಿದ ಹಾಗೆ. ಕಚೇರಿಗಳು ನಿಟ್ಟುಸಿರು ಬಿಟ್ಟವು.

ಸಂಬಳದ ಪಟ್ಟಿಗೆ ಇದು ಸಾಕು. ಹಳೆಯ ಪ್ರೋಗ್ರಾಂ ಹಳೆಯ ಉತ್ತರವನ್ನೇ ಕೊಟ್ಟರೆ ಆಯಿತು. ಆದರೆ ಪರೀಕ್ಷಿಸುವವನ ಬಯಕೆ ಬೇರೆ. ಅವನಿಗೆ ತಪ್ಪು ಹೊರಗೆ ಬರಬೇಕು.

ಲ್ಯಾಪ್‌ಟಾಪಿಗೆ ಬರೋಣ. ಇಂಟೆಲ್ ಅಲ್ಲದ ಲ್ಯಾಪ್‌ಟಾಪ್ ಎಂದರೆ ಈಚಿನ ವಿಷಯವೆಂಬ ಭಾವನೆಯೂ ಸರಿಯಲ್ಲ. 1990ರ ದಶಕದಲ್ಲೇ ಬ್ರಿಟನ್ನಿನ ಟ್ಯಾಡ್‌ಪೋಲ್ ಎಂಬ ಕಂಪನಿ ಸ್ಪಾರ್ಕ್ ಪ್ರೊಸೆಸರಿನ 'ಸ್ಪಾರ್ಕ್‌ಬುಕ್', ಆಮೇಲೆ ಆಲ್ಫಾ ಪ್ರೊಸೆಸರಿನ 'ಆಲ್ಫಾಬುಕ್' ಮಾಡಿತ್ತು. ಐಬಿಎಂ 1995ರಲ್ಲಿ ಪವರ್‌ಪಿಸಿ ಇರುವ ಥಿಂಕ್‌ಪ್ಯಾಡ್ ಹೊರಡಿಸಿತ್ತು. ಅದರಲ್ಲಿ ವಿಂಡೋಸ್ ಎನ್‌ಟಿ ಓಡುತ್ತಿತ್ತು, ಆದರೆ ಅಂಗಡಿಯಲ್ಲಿ ಸಿಗುವ 32 ಬಿಟ್‌ನ ಇಂಟೆಲ್ ತಂತ್ರಾಂಶ ಅದರಲ್ಲಿ ಓಡುತ್ತಿರಲಿಲ್ಲ. ಒಳ್ಳೆಯ ಮನೆ, ಒಳಗೆ ಪಾತ್ರೆಪಗಡಿ ಇಲ್ಲ. ಆಲ್ಫಾ ಮಾಡುತ್ತಿದ್ದ ಡಿಇಸಿ ಕಂಪನಿ ಇದಕ್ಕೆ 1996ರಲ್ಲಿ 'ಎಫ್‌ಎಕ್ಸ್!32' ಎಂಬ ಉಪಾಯ ಹೂಡಿತು. ಇಂಟೆಲ್ ಪ್ರೋಗ್ರಾಮನ್ನು ಮೊದಲ ಸಲ ಓಡಿಸುವಾಗ ಸಾಲುಸಾಲಾಗಿ ಅನುಕರಿಸುವುದು, ಯಾವ ಭಾಗ ಹೆಚ್ಚು ಓಡಿತೆಂದು ಬರೆದಿಟ್ಟುಕೊಳ್ಳುವುದು, ಆಮೇಲೆ ಬಿಡುವಿನ ಹೊತ್ತಿನಲ್ಲಿ ಆ ಭಾಗವನ್ನು ಆಲ್ಫಾ ಭಾಷೆಗೆ ತಿರುಗಿಸಿ ಡಿಸ್ಕಿನಲ್ಲಿ ಇಟ್ಟುಕೊಳ್ಳುವುದು. ಎರಡನೇ ಸಲ ಅದೇ ಪ್ರೋಗ್ರಾಂ ವೇಗವಾಗಿ ಓಡುತ್ತಿತ್ತು. ಬಹಳ ಜಾಣ್ಮೆಯ ಕೆಲಸ. ಆದರೂ ಆಲ್ಫಾ ಉಳಿಯಲಿಲ್ಲ.

ಇಲ್ಲಿ ವಿಂಡೋಸ್ ಎನ್‌ಟಿಯ ಒಂದು ಸಂಗತಿ ಹೇಳಲೇಬೇಕು. ಡೇವ್ ಕಟ್ಲರ್ 1988ರಲ್ಲಿ ಮೈಕ್ರೋಸಾಫ್ಟಿಗೆ ಬಂದು ಎನ್‌ಟಿ ಕಟ್ಟಲು ಹೊರಟಾಗ, ಲೋಕವೆಲ್ಲ ಎಕ್ಸ್86 ಬಳಸುತ್ತಿತ್ತು. ಅವನ ತಂಡ ಮೊದಲು ಕೈಗೆತ್ತಿಕೊಂಡದ್ದು ಇಂಟೆಲ್ಲಿನದೇ ಆದರೂ ಬೇರೆ ಜಾತಿಯ ಐ860ನ್ನು. ಚಿಪ್ ಕೈಗೆ ಬರುವ ಮೊದಲು ಅದರ ಅನುಕರಣೆಯ ಮೇಲೆಯೇ ಕೆಲಸ ಶುರು. ಆಮೇಲೆ ಮಿಪ್ಸ್‌ಗೆ ಹೋದರು. ಎಕ್ಸ್86 ಅದಾದ ಬಳಿಕ. ಬೇಕೆಂದೇ ಹೀಗೆ ಮಾಡಿದ್ದು. ಎಕ್ಸ್86 ಮೇಲೆ ಶುರು ಮಾಡಿದ್ದರೆ ಅದರ ಅಭ್ಯಾಸಗಳು ಗೊತ್ತಿಲ್ಲದೆ ಎಲ್ಲ ಕಡೆ ನುಸುಳುತ್ತಿದ್ದವು. 1993ರಲ್ಲಿ ಎನ್‌ಟಿ 3.1 ಹೊರಬಂತು. ಅಪರಿಚಿತ ಪ್ರೊಸೆಸರು ಅಡ್ಡಿ ಎನ್ನುವವರ ನಡುವೆ, ಅದನ್ನೇ ಪರೀಕ್ಷಕನಾಗಿ ಕೂರಿಸಿದ ದೊಡ್ಡ ಉದಾಹರಣೆ ಇದು.

ಬೇರೆ ಪ್ರೊಸೆಸರು ಹೇಗೆ ಪರೀಕ್ಷಕನಾಗುತ್ತದೆ? ಎರಡು ಮೂರು ಉದಾಹರಣೆ ನೋಡಿ.

ಮೊದಲನೆಯದು ಅಂಕಿಗಳ ಕ್ರಮ. ಕನ್ನಡದಲ್ಲಿ ನಾವು ಇಪ್ಪತ್ತೈದು ಎನ್ನುತ್ತೇವೆ, ಮೊದಲು ಇಪ್ಪತ್ತು, ಆಮೇಲೆ ಐದು. ಹಿಂದಿಯವರು ಪಚ್ಚೀಸ್ ಎನ್ನುತ್ತಾರೆ, ಸಂಸ್ಕೃತದಲ್ಲಿ ಪಂಚವಿಂಶತಿ, ಅಲ್ಲಿ ಐದು ಮೊದಲು. ಕೇರಳದ ಹಳೆಯ ಜ್ಯೋತಿಷಿಗಳ ಕಟಪಯಾದಿ ಸಂಖ್ಯೆಯಲ್ಲೂ ಬಿಡಿಸ್ಥಾನವೇ ಮೊದಲು ಬರುತ್ತದೆ. ಪ್ರೊಸೆಸರುಗಳಲ್ಲೂ ಹೀಗೆಯೇ ಎರಡು ಪಂಗಡ. ದೊಡ್ಡ ಸಂಖ್ಯೆಯನ್ನು ಮೆಮೊರಿಯಲ್ಲಿ ಇಡುವಾಗ ಇಂಟೆಲ್ ಸಣ್ಣ ಭಾಗವನ್ನು ಮೊದಲು ಇಡುತ್ತದೆ, ಸ್ಪಾರ್ಕ್ ದೊಡ್ಡ ಭಾಗವನ್ನು ಮೊದಲು ಇಡುತ್ತದೆ. ಈ ಪಂಗಡಗಳಿಗೆ ಡ್ಯಾನಿ ಕೋಹೆನ್ ಎಂಬವರು 1980ರಲ್ಲಿ, ಗಲಿವರನ ಪ್ರವಾಸದಲ್ಲಿ ಮೊಟ್ಟೆಯನ್ನು ಯಾವ ತುದಿಯಿಂದ ಒಡೆಯಬೇಕೆಂದು ಜಗಳವಾಡುವವರ ಹೆಸರನ್ನೇ ಇಟ್ಟರು. ಇಂಟೆಲ್ಲಿನಲ್ಲಿ ಬರೆದ ಕಡತವನ್ನು ಸ್ಪಾರ್ಕಿನಲ್ಲಿ ತೆರೆದಾಗ ಇಪ್ಪತ್ತೈದು ಐವತ್ತೆರಡಾದರೆ, ಪ್ರೋಗ್ರಾಂ ಬರೆದವನು ಕ್ರಮವನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ ಎಂದರ್ಥ. ಇಂಟೆಲ್ ಮೇಲೆ ನೂರು ಸಲ ಪರೀಕ್ಷೆ ಮಾಡಿದರೂ ಈ ತಪ್ಪು ಸಿಕ್ಕುವುದಿಲ್ಲ.

ಎರಡನೆಯದು ನನ್ನ ಮೆಚ್ಚಿನದು. ಸಿ ಭಾಷೆಯಲ್ಲಿ ಒಂದು ಅಕ್ಷರ ಇಡಲು 'ಚಾರ್' ಎಂಬ ಜಾಗ ಇದೆ. ಅದರಲ್ಲಿ ಋಣ ಸಂಖ್ಯೆ ಇಡಬಹುದೋ ಇಲ್ಲವೋ ಎಂಬುದನ್ನು ಭಾಷೆ ತೀರ್ಮಾನಿಸಿಲ್ಲ. ಇಂಟೆಲ್ಲಿನಲ್ಲಿ ಇಡಬಹುದು. ಲಿನಕ್ಸ್ ಓಡುವ ಆರ್ಮ್ ಮತ್ತು ಪವರ್‌ಪಿಸಿಯಲ್ಲಿ ಇಡಲಾಗದು. ಹೊಸಬರು ಕಡತ ಓದುವಾಗ ಒಂದೊಂದೇ ಅಕ್ಷರವನ್ನು 'ಚಾರ್'ಗೆ ಹಾಕಿಕೊಂಡು, ಕಡತ ಮುಗಿದ ಗುರುತಾದ ಋಣ ಒಂದು ಬರುವ ತನಕ ಸುತ್ತುತ್ತಾರೆ. ಇಂಟೆಲ್ಲಿನಲ್ಲಿ ಋಣ ಒಂದು ಹಾಗೆಯೇ ಉಳಿಯುತ್ತದೆ, ಸುತ್ತು ನಿಲ್ಲುತ್ತದೆ. ಆರ್ಮ್‌ನಲ್ಲಿ ಅದು 255 ಆಗಿಬಿಡುತ್ತದೆ, ಸುತ್ತು ನಿಲ್ಲುವುದೇ ಇಲ್ಲ. ಕೇರಳದಲ್ಲಿ ಹಿಂದೆ ಸರಕಾರವೇ ಶಾಲಾ ಮಕ್ಕಳಿಗೆ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಆರ್ಮ್ ಕಂಪ್ಯೂಟರ್ ಹಂಚಿದ್ದುಂಟು. ಅಂಥದ್ದು ಮನೆಯ ಅಟ್ಟದಲ್ಲಿದ್ದರೆ ಇಳಿಸಿ ಈ ಪ್ರಯೋಗ ಮಾಡಿ ನೋಡಿ. ಪುಸ್ತಕದ ಪಾಠಕ್ಕಿಂತ ಚೆನ್ನಾಗಿ ತಲೆಗೆ ಹತ್ತುತ್ತದೆ.

ಮೂರನೆಯದು ಸ್ಪಾರ್ಕಿನ ಮಡಿ. ನಾಲ್ಕು ಬೈಟಿನ ಸಂಖ್ಯೆ ನಾಲ್ಕರಿಂದ ಭಾಗವಾಗುವ ವಿಳಾಸದಲ್ಲೇ ಇರಬೇಕು, ಇಲ್ಲದಿದ್ದರೆ ಪ್ರೋಗ್ರಾಮನ್ನು ಅಲ್ಲೇ ನಿಲ್ಲಿಸುತ್ತದೆ. ಇಂಟೆಲ್ ಇಂಥದ್ದನ್ನೆಲ್ಲ ಸುಮ್ಮನೆ ಸಹಿಸಿಕೊಳ್ಳುತ್ತದೆ.

1995ರಲ್ಲಿ ಥಿಯೋ ಡಿ ರಾಟ್ ಶುರು ಮಾಡಿದ ಓಪನ್‌ಬಿಎಸ್‌ಡಿಯವರು ಹಳೆಯ, ಮಾರುಕಟ್ಟೆ ಬಿಟ್ಟ ಯಂತ್ರಗಳಲ್ಲೂ ತಮ್ಮ ವ್ಯವಸ್ಥೆಯನ್ನು ಓಡಿಸುತ್ತಾ ಬಂದದ್ದಕ್ಕೆ ಇದು ಒಂದು ಮುಖ್ಯ ಕಾರಣ. ಡೆಬಿಯನ್‌ನಲ್ಲಿಯೂ ಒಂದು ಪ್ಯಾಕೇಜನ್ನು ಅವರು ಬೆಂಬಲಿಸುವ ಪ್ರತಿ ಜಾತಿಯ ಪ್ರೊಸೆಸರಿನ ಮೇಲೂ ಕಟ್ಟುತ್ತಾರೆ, ಕಟ್ಟುವಾಗಲೇ ಅದರೊಳಗಿನ ಪರೀಕ್ಷೆಗಳನ್ನು ಓಡಿಸುತ್ತಾರೆ. ಹಿಂದೆ ಕಟ್ಟಲು ಸಾಧ್ಯವಾಗಿದ್ದ ಪ್ರೊಸೆಸರಿನ ಮೇಲೆ ಈಗ ಫೇಲಾದರೆ ಆ ಪ್ಯಾಕೇಜು ಮುಂದಕ್ಕೆ ಹೋಗದೆ ನಿಲ್ಲುತ್ತದೆ. ಒಂದು ಜಾತಿಯನ್ನು ಬೆಂಬಲದ ಪಟ್ಟಿಯಿಂದ ತೆಗೆದಾಗ ಅದನ್ನು ಬಳಸುತ್ತಿದ್ದ ನಾಲ್ಕು ಜನರಿಗೆ ನಷ್ಟ ಎಂದಷ್ಟೇ ಎಲ್ಲರೂ ಎಣಿಸುತ್ತಾರೆ. ಒಬ್ಬ ಕಟ್ಟುನಿಟ್ಟಿನ ಪರೀಕ್ಷಕನೂ ನಿವೃತ್ತನಾಗುತ್ತಾನೆ ಎಂಬುದು ನನ್ನ ಅಭಿಪ್ರಾಯ.

ಇದಿಷ್ಟು ಪರೀಕ್ಷೆಗೆ ಕೂರುವ ಪ್ರೋಗ್ರಾಮಿನ ಕಥೆ. ಪರೀಕ್ಷೆ ಮಾಡುವ ಟೂಲ್‌ಗಳ ಕಥೆ ಇನ್ನೂ ಸಿಕ್ಕಿನದು.

ಜೂಲಿಯನ್ ಸೀವಾರ್ಡ್ 2002ರಲ್ಲಿ 'ವಾಲ್‌ಗ್ರಿಂಡ್' ಎಂಬ ಟೂಲ್ ಹೊರತಂದರು. ಪ್ರೋಗ್ರಾಂ ಮೆಮೊರಿಯನ್ನು ಹೇಗೆ ಬಳಸುತ್ತದೆ, ಕೊಂಡದ್ದನ್ನು ಹಿಂದಿರುಗಿಸುತ್ತದೋ, ಬೇರೆಯವರ ಜಾಗಕ್ಕೆ ಕೈ ಹಾಕುತ್ತದೋ ಎಂದು ಅದು ಹೆಜ್ಜೆಹೆಜ್ಜೆಗೂ ನೋಡುತ್ತದೆ. ಪ್ರೋಗ್ರಾಮಿನ ಯಂತ್ರಭಾಷೆಯನ್ನು ತುಂಡುತುಂಡಾಗಿ ಬಿಚ್ಚಿ, ತನ್ನ ಮಧ್ಯಂತರ ಭಾಷೆಗೆ ತಿರುಗಿಸಿ, ನಡುವೆ ತನ್ನ ಕಾವಲುಗಾರರನ್ನು ಸೇರಿಸಿ, ಮತ್ತೆ ಯಂತ್ರಭಾಷೆಗೆ ತಿರುಗಿಸಿ ಓಡಿಸುತ್ತದೆ. ಅಂದರೆ ಟೂಲ್ ತಾನೇ ಒಬ್ಬ ದುಭಾಷಿ! ಹಾಗಾಗಿ ಪ್ರತಿ ಪ್ರೊಸೆಸರಿಗೂ ಅದನ್ನು ಹೊಸದಾಗಿ ಕಲಿಸಬೇಕು. ಶುರುವಿನಲ್ಲಿ 32 ಬಿಟ್ ಇಂಟೆಲ್ ಮಾತ್ರ. ಆರ್ಮ್ ಬಂದದ್ದು 2010ರಲ್ಲಿ, 64 ಬಿಟ್ ಆರ್ಮ್ 2014ರಲ್ಲಿ, ರಿಸ್ಕ್-ಫೈವ್ 2025ರಲ್ಲಿ. ಮೊಝಿಲ್ಲಾದಲ್ಲಿ ಹುಟ್ಟಿದ 'ಆರ್‌ಆರ್' ಇನ್ನೂ ಆಳಕ್ಕೆ ಹೋಗುತ್ತದೆ. ಪ್ರೋಗ್ರಾಂ ಓಡಿದ್ದನ್ನು ದಾಖಲಿಸಿ ಮತ್ತೆ ಹಾಗೆಯೇ ಓಡಿಸಿ ತೋರಿಸುವ ಟೂಲ್ ಅದು. ಅದಕ್ಕಾಗಿ ಪ್ರೊಸೆಸರಿನೊಳಗಿನ ಎಣಿಕೆಯಂತ್ರವನ್ನೇ ಅವಲಂಬಿಸುತ್ತದೆ. ಬಹಳ ಕಾಲ ಅದು ಇಂಟೆಲ್ ಬಿಟ್ಟು ಕದಲಲಿಲ್ಲ. ಪದ ಸಂಸ್ಕರಣೆಯ ತಂತ್ರಾಂಶ ಹೊಸ ಪ್ರೊಸೆಸರಿಗೆ ಬೇಗ ಬರುತ್ತದೆ, ಟೆಸ್ಟಿಂಗ್ ಟೂಲ್ ಎಲ್ಲರಿಗಿಂತ ಕೊನೆಗೆ ಬರುತ್ತದೆ ಎಂಬುದರ ಕಾರಣ ಇಲ್ಲಿದೆ. ಪ್ರೊಸೆಸರಿಗೆ ಎಷ್ಟು ಹತ್ತಿರವೋ ಅಷ್ಟು ಕಟ್ಟು.

ಬ್ರೌಸರ್ ಪರೀಕ್ಷೆಯಲ್ಲೂ ಇದೇ ಆಯಿತು. ಜೇಸನ್ ಹಗ್ಗಿನ್ಸ್ 2004ರಲ್ಲಿ ಶಿಕಾಗೋದ ಥಾಟ್‌ವರ್ಕ್ಸ್ ಕಚೇರಿಯಲ್ಲಿ 'ಸೆಲೆನಿಯಂ' ಶುರು ಮಾಡಿದಾಗ ಅದು ಬ್ರೌಸರಿನೊಳಗೆ ಓಡುವ ಜಾವಾಸ್ಕ್ರಿಪ್ಟ್ ಆಗಿತ್ತು. ಪ್ರೊಸೆಸರು ಯಾವುದಾದರೇನು, ಬ್ರೌಸರ್ ಇದ್ದಲ್ಲಿ ಅದೂ ಇದ್ದಂತೆ. ಹೆಸರಿನಲ್ಲೊಂದು ತಮಾಷೆ ಇದೆ. ಆಗ ಮರ್ಕ್ಯುರಿ ಎಂಬ ದೊಡ್ಡ ಟೆಸ್ಟಿಂಗ್ ಕಂಪನಿ ಇತ್ತು, ಪಾದರಸದ ವಿಷಕ್ಕೆ ಸೆಲೆನಿಯಂ ಮದ್ದು ಎಂಬ ಮಾತಿನಿಂದ ಈ ಹೆಸರು. ಆದರೆ ಬ್ರೌಸರಿನೊಳಗೆ ಕುಳಿತವನಿಗೆ ಬ್ರೌಸರಿನ ಕಟ್ಟಳೆಗಳು ಅನ್ವಯಿಸುತ್ತವೆ, ಕೆಲವು ಕೋಣೆಗಳಿಗೆ ಪ್ರವೇಶವಿಲ್ಲ. ಸೈಮನ್ ಸ್ಟೂವರ್ಟ್ ಅವರ ವೆಬ್‌ಡ್ರೈವರ್ ಇದಕ್ಕೆ ಪರಿಹಾರವಾಗಿ ಬಂದು 2011ರಲ್ಲಿ ಸೆಲೆನಿಯಂ 2ರಲ್ಲಿ ಒಂದಾಯಿತು. ಈಗ ಬ್ರೌಸರನ್ನು ಹೊರಗಿನಿಂದ ನಡೆಸಲು ಒಂದು ಪ್ರತ್ಯೇಕ ಡ್ರೈವರ್ ಬೇಕು. ಅದು ಕಂಪೈಲ್ ಆದ ಪ್ರೋಗ್ರಾಂ, ಬ್ರೌಸರಿನ ಆವೃತ್ತಿಗೂ ಪ್ರೊಸೆಸರಿಗೂ ಹೊಂದಲೇಬೇಕು. ಶಕ್ತಿ ಹೆಚ್ಚಿತು, ಸ್ವಾತಂತ್ರ್ಯ ಹೋಯಿತು.

ಮೊಬೈಲಿನ ಕಥೆ ಚುಟುಕಾಗಿ. ಆಂಡ್ರಾಯ್ಡ್ ಆಪ್ ಬರೆಯುವವರ ಕೈಯಲ್ಲಿ ಇಂಟೆಲ್ ಲ್ಯಾಪ್‌ಟಾಪು, ಆಪ್ ಓಡಬೇಕಾದದ್ದು ಆರ್ಮ್ ಫೋನಿನಲ್ಲಿ. ಫ್ರಾನ್ಸಿನ ಫ್ಯಾಬ್ರಿಸ್ ಬೆಲಾರ್ 2003ರಲ್ಲಿ ಹೊರತಂದ ಕ್ಯೂಎಮು ಎಂಬ ಎಮ್ಯುಲೇಟರನ್ನೇ ಆಧರಿಸಿ ಗೂಗಲ್ ಒಂದು ನಕಲಿ ಫೋನ್ ಕೊಟ್ಟಿತು. ಅದರ ನಿಧಾನವನ್ನು ಬಲ್ಲವರೇ ಬಲ್ಲರು. ಕಾಫಿ ಕುಡಿದು ಬರಬಹುದಿತ್ತು. 2012ರಲ್ಲಿ ಫೋನಿನ ಇಂಟೆಲ್ ಆವೃತ್ತಿಯನ್ನೇ ಮಾಡಿ ಲ್ಯಾಪ್‌ಟಾಪಿನಲ್ಲಿ ನೇರವಾಗಿ ಓಡಿಸುವ ಉಪಾಯ ಬಂತು. ವೇಗವೇನೋ ಬಂತು, ಆದರೆ ಪರೀಕ್ಷೆಯಾದದ್ದು ಹೆಚ್ಚಿನ ಗಿರಾಕಿಗಳ ಜೇಬಿನಲ್ಲಿ ಇಲ್ಲದಂಥ ಫೋನ್!

ಇನ್ನು 2020ರ ನವೆಂಬರ್. ಆ್ಯಪಲ್ ಕಂಪನಿ ತನ್ನ ಲ್ಯಾಪ್‌ಟಾಪುಗಳಿಂದ ಇಂಟೆಲ್ಲನ್ನು ಇಳಿಸಿ ತನ್ನದೇ ಎಂ1 ಎಂಬ ಆರ್ಮ್ ಪ್ರೊಸೆಸರನ್ನು ಹತ್ತಿಸಿತು. ಈ ಕಂಪನಿಗೆ ಮನೆ ಬದಲಿಸಿ ಅಭ್ಯಾಸ. 1994ರಲ್ಲಿ ಮೊಟರೋಲಾ 68000 ಬಿಟ್ಟು ಪವರ್‌ಪಿಸಿಗೆ, 2006ರಲ್ಲಿ ಪವರ್‌ಪಿಸಿ ಬಿಟ್ಟು ಇಂಟೆಲ್ಲಿಗೆ, ಪ್ರತಿ ಸಲವೂ ಒಬ್ಬ ದುಭಾಷಿಯನ್ನು ಜೊತೆಗೆ ಕೊಟ್ಟಿತ್ತು. ಎರಡನೆಯವನ ಹೆಸರು ರೊಸೆಟ್ಟಾ. 2011ರಲ್ಲಿ ಅವನನ್ನು ಬಿಡಿಸಿ ಕಳುಹಿಸಿದ್ದೂ ಆಯಿತು. ಎಂ1 ಜೊತೆ ಬಂದವನು ರೊಸೆಟ್ಟಾ 2.

ನನ್ನಲ್ಲಿ ಏಳನೆಯವರೆಗೆ ಓದಿ ಈಗ ಮಂಗಳೂರಿನಲ್ಲಿ ತಂತ್ರಾಂಶ ಪರೀಕ್ಷೆಯ ಕೆಲಸದಲ್ಲಿರುವ ಹುಡುಗನೊಬ್ಬ ಆ ಕಾಲದಲ್ಲಿ ಫೋನ್ ಮಾಡಿದ್ದ. "ಮಾಷ್ಟ್ರೇ, ಕಂಪನಿಯವರು ಹೊಸ ಲ್ಯಾಪ್‌ಟಾಪ್ ಕೊಟ್ಟಿದ್ದಾರೆ. ಮಿಂಚಿನ ಹಾಗೆ ಉಂಟು. ಆದರೆ ನನ್ನ ಟೂಲು ಒಂದೂ ಓಡುವುದಿಲ್ಲ" ಎಂದ. "ಹಳೆಯದು ಎಲ್ಲಿಟ್ಟಿದ್ದೀ ಮಾರಾಯ?" ಎಂದೆ. "ಹಿಂದೆ ಕೊಟ್ಟಾಯಿತು ಮಾಷ್ಟ್ರೇ" ಎಂದ. ಅವನಂಥವರು ಆ ಚಳಿಗಾಲದಲ್ಲಿ ಲೋಕದ ತುಂಬ ಇದ್ದರು. ವಾಲ್‌ಗ್ರಿಂಡ್ ಅದರಲ್ಲಿ ಓಡುತ್ತಿರಲಿಲ್ಲ. ಇಂಟೆಲ್ ಯಂತ್ರವನ್ನು ಒಳಗೊಳಗೇ ಕಟ್ಟಿಕೊಡುವ ವರ್ಚುವಲ್‌ಬಾಕ್ಸ್ ಓಡುತ್ತಿರಲಿಲ್ಲ, ಅದರ ಪ್ರಾಯೋಗಿಕ ಆವೃತ್ತಿ ಈ ಚಿಪ್ಪಿಗೆ ಬಂದದ್ದೇ 2022ರಲ್ಲಿ. ಗೂಗಲ್ಲಿನ ಪಪೆಟಿಯರ್ ಎಂಬ ಟೂಲ್ ಸ್ಥಾಪನೆಯಾಗುವಾಗ ತನ್ನದೇ ಕ್ರೋಮಿಯಂ ಬ್ರೌಸರನ್ನು ಇಳಿಸಿಕೊಳ್ಳುತ್ತದೆ. ಈ ಪ್ರೊಸೆಸರಿಗೆ ಅದು ಸಿಗುವುದಿಲ್ಲವೆಂದು ಹೇಳಿ ಅಲ್ಲೇ ನಿಲ್ಲುತ್ತಿತ್ತು. ಆಂಡ್ರಾಯ್ಡಿನ ನಕಲಿ ಫೋನ್ ಇಂಟೆಲ್ಲಿಗೆ ಒಗ್ಗಿಹೋಗಿತ್ತು. ಆರ್ಮ್ ಫೋನಿಗೆ ಆರ್ಮ್ ಲ್ಯಾಪ್‌ಟಾಪು ಬಂದಾಗ ಅದು ಸಿದ್ಧವಿರಲಿಲ್ಲ, ಅವಸರದ ಮುನ್ನೋಟದ ಆವೃತ್ತಿಯೊಂದನ್ನು ಡಿಸೆಂಬರಿನಲ್ಲಿ ಬಿಟ್ಟರು.

ಜನ ದಾರಿ ಕಂಡುಕೊಂಡರು. ಬ್ರೌಸರನ್ನು ಬೇರೆಯಾಗಿ ಸ್ಥಾಪಿಸಿ ಅದರ ವಿಳಾಸವನ್ನು ಟೂಲ್‌ಗೆ ತೋರಿಸಿದರು. ಟರ್ಮಿನಲ್ಲನ್ನೇ ರೊಸೆಟ್ಟಾದ ಕೆಳಗೆ ತೆರೆದು ಒಳಗಿನದ್ದೆಲ್ಲ ಇಂಟೆಲ್ ಎಂದು ನಂಬುವಂತೆ ಮಾಡಿದರು. ಡಾಕರ್ ಪೆಟ್ಟಿಗೆಯಲ್ಲಿ ಇಂಟೆಲ್ಲಿನ ಕ್ರೋಮ್ ಹಾಕಿ ಕ್ಯೂಎಮು ಮೇಲೆ ಓಡಿಸಿದವರೂ ಇದ್ದರು, ಅದು ತೆವಳುತ್ತಿತ್ತು, ಆಗಾಗ ಕುಸಿಯುತ್ತಿತ್ತು. ಲಿನಕ್ಸ್ ಇರುವ ಆರ್ಮ್ ಲ್ಯಾಪ್‌ಟಾಪಿನವರಿಗೆ ಗೂಗಲ್ ಬಹಳ ವರ್ಷ ಕ್ರೋಮನ್ನೇ ಕೊಡಲಿಲ್ಲ. ಅವರನ್ನು ಕಾಪಾಡಿದ್ದು ಡೆಬಿಯನ್‌ನವರು ಮೂಲದಿಂದ ಕಟ್ಟಿಟ್ಟ ಕ್ರೋಮಿಯಂ ಮತ್ತು ಅದರ ಡ್ರೈವರ್. ಮೂಲ ಪಠ್ಯ ತೆರೆದಿದ್ದರೆ ಯಾರಾದರೊಬ್ಬರು ಕಟ್ಟಿಕೊಡುತ್ತಾರೆ, ಮುಚ್ಚಿದ್ದರೆ ಮಾಲೀಕನ ಮರ್ಜಿ. ವಿಂಡೋಸ್ ಓಡುವ ಆರ್ಮ್ ಲ್ಯಾಪ್‌ಟಾಪುಗಳ ಪಾಡೂ ಅಷ್ಟೆ. 2012ರ ವಿಂಡೋಸ್ ಆರ್‌ಟಿಯಲ್ಲಿ ಇಂಟೆಲ್ ಪ್ರೋಗ್ರಾಂ ಓಡುತ್ತಲೇ ಇರಲಿಲ್ಲ, 2017ರಲ್ಲಿ 32 ಬಿಟ್‌ನವಕ್ಕೆ, 2021ರಲ್ಲಿ 64 ಬಿಟ್‌ನವಕ್ಕೆ ದುಭಾಷಿ ಸಿಕ್ಕಿದ. ಆ ವಿಂಡೋಸ್‌ಗೆಂದೇ ಕಟ್ಟಿದ ಕ್ರೋಮ್ ಬಂದದ್ದು 2024ರಲ್ಲಿ.

ರೊಸೆಟ್ಟಾ 2 ಬಹಳ ಚೆನ್ನಾದ ದುಭಾಷಿ. ಎಷ್ಟು ಚೆನ್ನಾದವನೆಂದರೆ, ಅಲ್ಲೇ ಅಪಾಯ. ಒಂದು ಸಂಗತಿ ಹೇಳುತ್ತೇನೆ. ಪ್ರಶ್ನೆಪತ್ರಿಕೆ ಹಂಚಿ ಆಮೇಲೆ ಬೆಲ್ ಹೊಡೆ ಎಂದು ಪ್ಯೂನನಿಗೆ ಹೇಳಿದ್ದೀರಿ ಎನ್ನಿ. ಪಕ್ಕದ ಕೋಣೆಯವನು ಬೆಲ್ ಕೇಳಿದ ಮೇಲೆ ಮೇಜು ನೋಡಿದರೆ ಪತ್ರಿಕೆ ಇರಲೇಬೇಕು. ಇಂಟೆಲ್ ಪ್ರೊಸೆಸರಿನಲ್ಲಿ ಹೀಗೆಯೇ ಆಗುತ್ತದೆ, ಒಂದು ಭಾಗ ಬರೆದ ಕ್ರಮದಲ್ಲೇ ಇನ್ನೊಂದು ಭಾಗಕ್ಕೆ ಕಾಣುತ್ತದೆ. ಆರ್ಮ್‌ನಲ್ಲಿ ಬೇರೆಯಾಗಿ ಹೇಳದಿದ್ದರೆ ಆ ಖಾತ್ರಿ ಇಲ್ಲ. ಬೆಲ್ ಮೊದಲು ಕೇಳಿ, ಪತ್ರಿಕೆ ಆಮೇಲೆ ಕಾಣಬಹುದು. ಆಲ್ಫಾ ಇದರಲ್ಲಿ ಇನ್ನೂ ಸ್ವೇಚ್ಛಾಚಾರಿ, ಅದೊಂದಕ್ಕಾಗಿಯೇ ಲಿನಕ್ಸ್ ಕರ್ನೆಲ್ಲಿನಲ್ಲಿ ವಿಶೇಷ ಏರ್ಪಾಡು ಇಡಬೇಕಾಗಿತ್ತು. ಇಂಟೆಲ್ ಮೇಲೆ ಬರೆದ ಬಹಳ ಪ್ರೋಗ್ರಾಮುಗಳು ಗೊತ್ತಿಲ್ಲದೆಯೇ ಈ ಕ್ರಮವನ್ನು ನೆಚ್ಚಿಕೊಂಡಿವೆ. ಅವು ರೊಸೆಟ್ಟಾದಲ್ಲಿ ಕೆಡದಿರಲಿ ಎಂದು ಆ್ಯಪಲ್ಲಿನವರು ಎಂ1 ಚಿಪ್ಪಿನೊಳಗೇ ಒಂದು ಸ್ವಿಚ್ ಇಟ್ಟರು. ಅದನ್ನು ಒತ್ತಿದರೆ ಆರ್ಮ್ ಚಿಪ್ಪು ಮೆಮೊರಿಯ ಕ್ರಮದಲ್ಲಿ ಇಂಟೆಲ್ಲಿನಂತೆ ನಡೆದುಕೊಳ್ಳುತ್ತದೆ.

ಬಳಸುವವನಿಗೆ ಇದು ವರ. ಪರೀಕ್ಷಿಸುವವನ ಸ್ಥಿತಿ ನೋಡಿ. ಪ್ರೋಗ್ರಾಮಿನಲ್ಲಿ ಬೆಲ್ಲು-ಪತ್ರಿಕೆಯ ತಪ್ಪು ಇದೆ. ಇಂಟೆಲ್ ಲ್ಯಾಪ್‌ಟಾಪಿನಲ್ಲಿ ಅದು ಸಿಗಲಿಲ್ಲ. ಆರ್ಮ್ ಲ್ಯಾಪ್‌ಟಾಪ್ ಬಂತು, ಈಗಲಾದರೂ ಸಿಗಬೇಕು. ಆದರೆ ಟೂಲ್ ಹೊಂದುವುದಿಲ್ಲವೆಂದು ಎಲ್ಲವನ್ನೂ ರೊಸೆಟ್ಟಾದಲ್ಲಿ ಓಡಿಸಿದರೆ ಸ್ವಿಚ್ ಒತ್ತಿರುತ್ತದೆ, ತಪ್ಪು ಮತ್ತೆ ಅಡಗುತ್ತದೆ. ಟೂಲ್ ಹಸಿರು ಗುರುತು ತೋರಿಸುತ್ತದೆ. ಅದೇ ಪ್ರೋಗ್ರಾಂ ಆರ್ಮ್‌ಗೆ ಕಂಪೈಲ್ ಆಗಿ ಗಿರಾಕಿಯ ಕೈಗೆ ಹೋದ ದಿನ ಹೊರಬರುತ್ತದೆ. ಇಂಟೆಲ್ ಯಂತ್ರದ ಮೇಲೆ ಕ್ಯೂಎಮುವಿನಲ್ಲಿ ಆರ್ಮ್ ಓಡಿಸಿದರೂ ಇಷ್ಟೇ, ಅಡಿಯಲ್ಲಿ ಕುಳಿತಿರುವುದು ಇಂಟೆಲ್ ತಾನೇ. ಅಂಕಿಯ ಕ್ರಮ, 'ಚಾರ್'ನ ಋಣ ಸಂಖ್ಯೆ ಇಂಥವನ್ನು ಎಮ್ಯುಲೇಟರ್ ಚೆನ್ನಾಗಿ ಹಿಡಿದುಕೊಡುತ್ತದೆ. ಕ್ರಮ ಮತ್ತು ಸಮಯಕ್ಕೆ ಸೇರಿದ ತಪ್ಪುಗಳಿಗೆ ನಿಜವಾದ ಯಂತ್ರವೇ ಆಗಬೇಕು. ಮಂಗಳೂರಿನ ಹುಡುಗನ ಕಂಪನಿಯವರು ಕೊನೆಗೆ ಟೂಲ್‌ಗಳ ಆರ್ಮ್ ಆವೃತ್ತಿ ಬಂದ ಹಾಗೆ ಒಂದೊಂದಾಗಿ ಬದಲಿಸಿ, ಹಳೆಯ ಎರಡು ಇಂಟೆಲ್ ಯಂತ್ರಗಳನ್ನು ಮೂಲೆಯಲ್ಲಿ ಉಳಿಸಿಕೊಂಡರಂತೆ. ಸರಿಯಾದ ಕೆಲಸ ಎಂದೆ.

ಈ ರೊಸೆಟ್ಟಾವನ್ನೂ ಬಿಡಿಸಿ ಕಳುಹಿಸುವುದಾಗಿ ಆ್ಯಪಲ್ 2025ರ ಜೂನಿನಲ್ಲಿ ಹೇಳಿದೆ. ಮ್ಯಾಕ್‌ಓಎಸ್ 27ರ ವರೆಗೆ ಪೂರ್ತಿ ಇರುತ್ತದೆ, ಆಮೇಲೆ ಹಳೆಯ ಕೆಲವು ಆಟಗಳಿಗೆ ಬೇಕಾದಷ್ಟು ಮಾತ್ರ.

ಹೊಸ ಪ್ರೊಸೆಸರಿಗೆ ಟೂಲ್ ಇನ್ನೂ ಬಂದಿಲ್ಲ ಎಂಬವರ ದುಃಖ ಎರಡು ವರ್ಷದ್ದು. ಹಳೆಯದನ್ನು ಇಟ್ಟುಕೊಂಡವರದು ಹಾಗಲ್ಲ. ಕೇರಳದ ಶಾಲೆಗಳಿಗೆ 2001ರಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ ಬಂತು, ಆಮೇಲೆ ಅದು ಗ್ನೂ/ಲಿನಕ್ಸ್ ಕಡೆಗೆ ತಿರುಗಿತು, 2017ರಲ್ಲಿ ಕೈಟ್ ಎಂಬ ಸರಕಾರಿ ಕಂಪನಿಯಾಯಿತು. ಈ ದೀರ್ಘ ಪ್ರಯಾಣದಲ್ಲಿ ಬೇರೆ ಬೇರೆ ಕಾಲದ ಯಂತ್ರಗಳು ಶಾಲೆಗಳಿಗೆ ಬಂದಿವೆ. ನಮ್ಮ ಕಪಾಟಿನಲ್ಲೂ 32 ಬಿಟ್‌ನ ಎರಡು ನೆಟ್‌ಬುಕ್ ಇವೆ. ಕೀಲಿಮಣೆ ಸರಿ ಇದೆ, ಪರದೆ ಸರಿ ಇದೆ. ಆದರೆ ಲಿನಕ್ಸ್‌ನ 32 ಬಿಟ್‌ಗೆ ಗೂಗಲ್ ಕ್ರೋಮ್ 2016ರ ಮಾರ್ಚಿನಲ್ಲೇ ನಿಂತಿತು. ಉಬುಂಟು 2017ರ ಅಕ್ಟೋಬರ್ ಆವೃತ್ತಿಯಿಂದ 32 ಬಿಟ್‌ನ ಡೆಸ್ಕ್‌ಟಾಪ್ ಡಿಸ್ಕ್ ಕೊಡುವುದನ್ನು ಬಿಟ್ಟಿತು. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಇಂಟೆಲ್ಲಿಗೆ ಇನ್‌ಸ್ಟಾಲರ್ ಇಲ್ಲ. ಅದೇ ಆವೃತ್ತಿಯಲ್ಲಿ ರಿಸ್ಕ್-ಫೈವ್ ಮೊದಲ ಬಾರಿಗೆ ಅಧಿಕೃತ ಪಟ್ಟಿಗೆ ಸೇರಿತು. ಲಿನಕ್ಸ್‌ನ 32 ಬಿಟ್‌ಗೆ ಫೈರ್‌ಫಾಕ್ಸ್ 144ನೆಯದೇ ಕೊನೆ ಎಂದು ಮೊಝಿಲ್ಲಾ ಆ ವರ್ಷದ ಸೆಪ್ಟೆಂಬರಿನಲ್ಲಿ ತಿಳಿಸಿತು.

ಆ ನೆಟ್‌ಬುಕ್‌ಗಳಲ್ಲಿ ಸೆಲೆನಿಯಂನ ಹೊಸ ಆವೃತ್ತಿ ಓಡಿಸುವ ಆಸೆ ಬಿಡಬೇಕು. ಸಿ ಭಾಷೆಯ ಕಂಪೈಲರು, ವಾಲ್‌ಗ್ರಿಂಡ್, ಜೊತೆಗೆ ಕ್ಯೂಎಮು ಮಾತ್ರ ಡೆಬಿಯನ್ 12ರಲ್ಲಿ ಇನ್ನೂ ಸಿಗುತ್ತವೆ. ಎರಡು ಗಿಗಾಬೈಟಿಗಿಂತ ದೊಡ್ಡ ಸಂಖ್ಯೆಯನ್ನು 32 ಬಿಟ್‌ನಲ್ಲಿ ಹಿಡಿಸಲು ಹೋಗಿ ಎಡವುವ ಪ್ರೋಗ್ರಾಮುಗಳನ್ನು ಅವು ಇವತ್ತಿಗೂ ಹಿಡಿದುಕೊಡುತ್ತವೆ. 64 ಬಿಟ್‌ನ ಯಾವ ಹೊಸ ಲ್ಯಾಪ್‌ಟಾಪೂ ತಾನಾಗಿ ಅದನ್ನು ಮಾಡುವುದಿಲ್ಲ. ಈ ರಜೆಯಲ್ಲಿ ಒಂದರ ಬ್ಯಾಟರಿ ತೆಗೆದು ನೇರ ಕರೆಂಟಿನಲ್ಲಿ ಓಡಿಸುವಂತೆ ಮಾಡಿದ್ದೇನೆ.